ಮೊಂಡು ರೆಕ್ಕೆಯವು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ವಿಜ್ಞಾನದ ಟೀಚರು, ಪಕ್ಕದಲ್ಲಿ ಅವರದೇ ತರಗತಿಯಲ್ಲಿ ಓದುವ ಮಗಳು. ಟೀಚರ ಮಡಿಲಲ್ಲಿ ಬಾಯಿಗೆ ಹತ್ತಿ ತುರುಕಿದ ಬಾಟಲಿ. ಒಳಗೆ ಕೊಳೆತ ಬಾಳೆಹಣ್ಣು, ಅದರ ಮೇಲೆ ಹಣ್ಣುನೊಣಗಳು. ಆ ಹುಳಿ ನಾತಕ್ಕೆ ನಾನೂ ಮೂಗು ಮುಚ್ಚಿಕೊಂಡಿದ್ದೆ.

“ಆ ಕಡೆ ಇಟ್ಕೋಮ್ಮ. ವಾಕರಿಕೆ ಬರ್ತಿದೆ.”

“ತಿಂಗಳಿಂದ ನೀನೇ ಸಾಕಿದ್ದೀಯ. ಇವತ್ತೇನು ಹೊಸದಾಗಿ ಅಸಹ್ಯ?”

“ನೊಣ ಅಲ್ಲ ಅಸಹ್ಯ. ಸ್ಕೂಲ್ ಇನ್‌ಸ್ಪೆಕ್ಟರ್ ಬರೋ ಮುಂಚೆ, ಎಣಿಸೋಕೆ ಮತ್ತು ಬರಿಸಿ ತಟ್ಟೇಲಿ ಹರಡಿದ್ರಲ್ಲಿ ನೀನು ಏಳು ನೊಣಾನ ಸ್ಪಿರಿಟ್ಟಿಗೆ ತಳ್ಳಿದ್ದು ನೋಡ್ದೆ. ಎಲ್ಲಾ ಮೊಂಡು ರೆಕ್ಕೆಯವೇ.”

“ಮೂರು ಉದ್ದ ರೆಕ್ಕೆಗೆ ಒಂದು ಮೊಂಡು ರೆಕ್ಕೆ ಹುಟ್ಟಬೇಕು ಅಂತ ಪುಸ್ತಕದಲ್ಲಿದೆ. ಇವು ಜಾಸ್ತಿ ಹುಟ್ಟಿದ್ರೆ ನಾನೇನ್ ಮಾಡ್ಲಿ?”

“ಹುಟ್ಟಿದಷ್ಟನ್ನೇ ಬರೀಬೇಕು ಅಂತ ಪಾಠ ಮಾಡಿದ್ದು ನೀನೇ.”

“ನೀತಿ ಹೇಳೋದ್ರಲ್ಲಿ ಥೇಟ್ ನಿಮ್ಮಪ್ಪ. ನನ್ನದು ಒಂದು ಗುಣಾನೂ ಬರ್ಲಿಲ್ಲ ನಿಂಗೆ.”

ಮಗಳು ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡಳು.

“ಬಂದಿದೆ. ನೀನು ಎಣಿಸಿದ್ದು ತಪ್ಪಾಗಿತ್ತು, ತಟ್ಟೇಲಿ ಇನ್ನೂ ಎರಡು ಮೊಂಡು ರೆಕ್ಕೆಯವು ಜಾಸ್ತಿ ಇದ್ವು. ಎಲ್ಲರೆದುರು ನಿನ್ನ ಮಾನ ಹೋಗತ್ತಲ್ಲಾಂತ, ಇನ್‌ಸ್ಪೆಕ್ಟರ್ ಬಗ್ಗಿ ನೋಡೋಷ್ಟರಲ್ಲಿ ನಾನೇ ಬೆರಳಲ್ಲಿ ಹಿಸುಕಿಬಿಟ್ಟೆ.”

“ಹಾಗ್ ಮಾಡು ಅಂತ ನಿಂಗ್ಯಾರು ಹೇಳ್ಕೊಟ್ರು?”

“ಯಾರೂ ಹೇಳ್ಕೊಡ್ಲಿಲ್ಲ.”

ಅವರ ಸ್ಟಾಪು ಬಂತು. ಇಳಿಯುವಾಗ ಟೀಚರು ಮಗಳ ಕೈ ಹಿಡಿಯಲು ಹೋದರು. ಅವಳು ಹಿಂದಕ್ಕೆ ಎಳೆದುಕೊಂಡಳು.

“ಈ ಕೈ ಬೇಡಮ್ಮ. ಮೂರು ಸಲ ಸೋಪು ಹಾಕ್ದೆ, ಇನ್ನೂ ನಾರ್ತಿದೆ.”