ಕುಕ್ಕರಿನಂಥ ಯಜಮಾನ

ಒಬ್ಬ ಶ್ರೀಮಂತ, ಸರ್ಕಾರಿ ಗುತ್ತಿಗೆದಾರ. ಸಭೆಯಲ್ಲಿ ಕೂತವರೇ, ಊರು ಯಾವುದು ಅಂತ ಕೇಳಬೇಡಿ, ನಿಮ್ಮದೇ ಅಂದುಕೊಂಡರೂ ನಷ್ಟವಿಲ್ಲ. ಗೇಟಿನ ಹತ್ತಿರ ಅವನ ಚಪ್ಪಲಿ ಸದ್ದು ಕೇಳಿತೋ, ಮನೆಯೊಳಗೆ ಮಾತು ನಿಂತಿತು. ಹೆಂಡತಿ ಟಿವಿ ಆರಿಸುವಳು. ಪುಟ್ಟ ಮಗಳು ಬೀರುವಿನ ಸಂದಿ ಸೇರುವಳು. ಹಾಗೆ ಸೇರಿ ಸೇರಿ, ನೋಡಿ, ಆ ಮಗು ಮಾತಾಡುವುದನ್ನೇ ಬಿಟ್ಟಿತು. ಶಾಲೆಯಲ್ಲೂ ಇಲ್ಲ, ಅಮ್ಮನ ಹತ್ತಿರವೂ ಇಲ್ಲ.

ಶ್ರೀಮಂತ ಗಾಬರಿಯಾಗಿ ಮನಸ್ಸಿನ ವೈದ್ಯರ ಬಳಿ ಕರೆದೊಯ್ದ. ಯಾರನ್ನು? ಮಗಳನ್ನು!

ವೈದ್ಯೆ ಕೇಳಿದರು: "ಮನೇಲಿ ಸಿಟ್ಟು ಮಾಡ್ತೀರಾ?"

"ಸುಳ್ಳು ಯಾಕೆ ಹೇಳ್ಲಿ ಮೇಡಂ, ನಾನು ಕುಕ್ಕರ್ ಇದ್ದ ಹಾಗೆ. ಹಬೆ ಹೊರಗೆ ಬಿಡದಿದ್ರೆ ಸಿಡಿದೇ ಹೋಗ್ತೀನಿ. ಒಂದು ಸಲ ಕೂಗಿಬಿಟ್ರೆ ಮುಗೀತು, ಆಮೇಲೆ ಹಸು."

ಎಷ್ಟು ಚೆಂದದ ಹೋಲಿಕೆ! ಮನಸ್ಸು ಹೀಗೇ. ಅದಕ್ಕೊಂದು ಹೋಲಿಕೆ ಹೊಲಿದು ಕೊಡಿ, ಅದನ್ನೇ ತೊಟ್ಟುಕೊಂಡು ತಿರುಗುತ್ತದೆ.

"ಗುತ್ತಿಗೆ ಕೊಡೋ ಮಂತ್ರಿಗಳು ಬೈದಾಗಲೂ ಕೂಗ್ತೀರಾ?"

"ಅವರ ಮುಂದೆ ಕೂಗೋಕಾಗುತ್ತಾ?"

"ಅಲ್ಲಿ ಸಿಡಿಯಲಿಲ್ಲವಲ್ಲ?"

ನಗಬೇಡಿ, ಮುಂದಿನ ಸಾಲಿನ ರಾಯರೇ. ಹೆಂಗಸರ ಕಡೆ ನಿಮ್ಮ ಮನೆಯವರು ನಗುತ್ತಿಲ್ಲ, ನೋಡಿ.

ವೈದ್ಯೆ ಮಗುವಿನತ್ತ ಬಾಗಿದರು. "ಅಪ್ಪ ಕುಕ್ಕರ್ ಅಂತೆ ಪುಟ್ಟಿ. ನೀನೇನು?"

ಮಗು ಅಪ್ಪನ ಕೈ ನೋಡಿತು. ಬಾಗಿಲು ನೋಡಿತು. ಎಷ್ಟೋ ತಿಂಗಳ ಮೇಲೆ ಬಾಯಿ ತೆರೆಯಿತು.

"ಬೇಳೆ."

ಆಗ, ಆಗ ಶ್ರೀಮಂತನಿಗೆ ಭಯವಾಯಿತು. ಬೇರೆ ಯಾರನ್ನೋ ಕಂಡಲ್ಲ, ತನ್ನನ್ನೇ ಕಂಡು. ಧ್ವನಿ ಇಳಿದು ಹೋಗಿತ್ತು. "ಏನ್ಮಾಡ್ಲಿ ಮೇಡಂ?"

"ಕುಕ್ಕರೇ ಆಗಿರಿ. ಆದರೆ ಕೆಳಗೊಂದು ಒಲೆ ಇರುತ್ತಲ್ಲ, ಅದರ ಗುಂಡಿ ಯಾರ ಕೈಲಿದೆ ನೋಡ್ಕೊಳ್ಳಿ."

ಅಂದಿನಿಂದ ಅವನು ಗೇಟಿನಲ್ಲೇ ನಿಲ್ಲುತ್ತಾನೆ, ಒಳಗಿನ ಉರಿ ತಗ್ಗುವ ತನಕ. ಮಗಳು ಬೀರು ಬಿಟ್ಟು ಓಡಿ ಬಂದಳೇ? ಇಲ್ಲ. ಇನ್ನೂ ಸಂದಿಯಲ್ಲೇ ಇದ್ದಾಳೆ, ಕಿವಿ ಗೇಟಿನ ಕಡೆಗಿಟ್ಟು. ಸಿಟ್ಟು ಮರೆತುಬಿಡುತ್ತದೆ, ಸ್ವಾಮಿ. ಭಯ ಮರೆಯುವುದಿಲ್ಲ. ಅವನು ನಾಳೆಯೂ ನಿಲ್ಲಬೇಕು, ನಾಡಿದ್ದೂ ನಿಲ್ಲಬೇಕು.

ನೀವೂ "ನನ್ನ ಸ್ವಭಾವವೇ ಹೀಗೆ, ಬೆಂಕಿ, ಸಿಡಿಲು" ಅಂತ ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಸರಿ, ನೀವು ಬೆಂಕಿಯಾದರೆ ಮನೆಯವರು ಏನು? ಕೇಳಿದ್ದೀರಾ? ಕೇಳಿ. ಉತ್ತರ ಬಂದಾಗ ಸಿಟ್ಟು ಮಾಡಬೇಡಿ. ಇವತ್ತು ಇಲ್ಲಿಂದ ಹೋದವರು ಹೊಸ್ತಿಲಲ್ಲಿ ಒಂದು ಕ್ಷಣ ನಿಲ್ಲಿ. ಒಳಗೆ ಯಾರೋ ನಗುತ್ತಿರುತ್ತಾರೆ. ನೀವು ಚಪ್ಪಲಿ ಬಿಟ್ಟ ಸದ್ದಿಗೆ ಆ ನಗು ನಿಂತರೆ, ಯಾಕೆ ಅಂತ ಅವರನ್ನು ಕೇಳಬೇಡಿ, ನಿಮ್ಮನ್ನೇ ಕೇಳಿಕೊಳ್ಳಿ.

ಮೊದಲು ಒಲೆ ಆರಿಸಿ. ಆಮೇಲೆ ಒಳಗೆ ಹೋಗಿ.