ಬಟ್ಟೆ ಹೊದಿಸದ ಕಂಪ್ಯೂಟರ್

ಇದು ನನ್ನ ಕಾಕಾನ ಮಗಳು ಬನಶಂಕರಿಗೆ ಆದದ್ದು, ಹೋದ ವರ್ಷ, ಎಂಬತ್ತೆಂಟರಲ್ಲಿ. ನಗುವವರು ಈಗಲೇ ನಕ್ಕುಬಿಡಿ... ಆಮೇಲೆ ಹಿತ್ತಲಿಗೆ ಜೊತೆ ಬಾ ಅಂತ ನನ್ನನ್ನು ಕರೆಯಬೇಡಿ.

ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಅವಳು ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದಳು. ಟೆಂಪರರಿ ನೌಕರಿ. ಆ ರಾತ್ರಿ ಕೆಲಸದ ನಡುವೆ ಕರೆಂಟು ಹೋಯಿತು. ಕೋಣೆಗೆ ಕೀಲಿ ಹಾಕಿ ಮನೆಗೆ ಹೊರಟಳು. ಮುಂದೆ ಕಂದೀಲು ಹಿಡಿದು ವಾಚ್‌ಮನ್ ಖಾಸಿಂಸಾಬ. ಕಾಲೇಜಿನ ಹಿಂದೆ ಒಂದು ಹಾಳು ಬಾವಿ. ಅಲ್ಲಿಗೆ ಬಂದವಳು ಗಕ್ಕನೆ ನಿಂತಳು.

"ಅಯ್ಯ... ಮಷಿನ್ ಮ್ಯಾಲೆ ಬಟ್ಟಿ ಹಾಕಲಿಲ್ಲ."

"ಒಂದ್ ರಾತ್ರಿಗೆ ಧೂಳ ಅದನ್ನೇನ್ ತಿಂದ್ ಹಾಕ್ತೈತಿ ಅಕ್ಕಾರ? ನಡೀರಿ."

ಅವಳ ಚಿಂತೆ ಧೂಳಿನದಲ್ಲ. ನಮ್ಮದು ಇಳಕಲ್ಲಿನ ಮಗ್ಗದ ಮನೆ. ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಕೂಡಿಸುವುದು ಅರ್ಧಕ್ಕೆ ನಿಂತರೆ ನಮ್ಮ ಅಜ್ಜಿ ಅದರ ಮೇಲೆ ಬಟ್ಟೆ ಹೊದಿಸದೆ ಮಲಗುತ್ತಿರಲಿಲ್ಲ. "ತೆರೆದಿಟ್ರ ಬ್ಯಾರೇದವರು ಬಂದು ಮುಗಸ್ತಾರ" ಅನ್ನುವಳು. ಯಾರು ಅಂತ ಕೇಳಿದರೆ ಬಾಯಿ ತುಂಬ ಎಲೆಯಡಿಕೆ ಹಾಕಿಕೊಳ್ಳುವಳು.

ಆ ದಿನ ಕಂಪ್ಯೂಟರಿನೊಳಗೂ ಕೂಡಿಸುವ ಕೆಲಸವೇ ಅರ್ಧಕ್ಕೆ ನಿಂತಿತ್ತು. ಮಾರ್ಕ್ಸ್ ಪಟ್ಟಿ ಛಾಪಿಸುವ ಒಂದು ಪ್ರೋಗ್ರಾಂ. ಪುಣೆಯ ಗೆಳೆಯನೊಬ್ಬ ಪುಕ್ಕಟೆ ಕಳಿಸಿದ್ದು, ಯಾರು ಬೇಕಾದರೂ ಬಿಚ್ಚಿ ತಿದ್ದಿಕೊಳ್ಳಬಹುದಾದದ್ದು. ಬಂದದ್ದು ಬರೀ ಬಿಡಿ ಫೈಲುಗಳು. ಒಂದೊಂದನ್ನೂ ಕಂಪೈಲರ್ ಒಪ್ಪಬೇಕು, ಆಮೇಲೆ ಲಿಂಕರ್ ಎಲ್ಲವನ್ನೂ ಕೂಡಿಸಬೇಕು. ಕಂಪೈಲರಿನ ತಕರಾರು ಸಣ್ಣವು, ಇಲ್ಲೊಂದು ಕಂಸ, ಅಲ್ಲೊಂದು ಚುಕ್ಕೆ. ತಿದ್ದಿದಳು. ಲಿಂಕರಿನದು ಮಾತ್ರ ಒಂದೇ ಹಟ: ಹೆಸರುಗಳನ್ನು ಸಾಲಾಗಿ ಜೋಡಿಸುವ ತುಂಡು, ಅವರ ಭಾಷೆಯಲ್ಲಿ ಫಂಕ್ಷನ್, ಎಲ್ಲೂ ಇಲ್ಲ. ಎಲ್ಲ ಫೈಲು ಜಾಲಾಡಿದಳು, ಕಂಪೈಲರಿನ ಜೊತೆ ಬಂದ ಲೈಬ್ರರಿ ಫೈಲುಗಳನ್ನೂ ಹಿಂದೆಮುಂದೆ ಮಾಡಿ ನೋಡಿದಳು. ಊಹೂಂ. ಪುಣ್ಯಾತ್ಮ ಆ ಫೈಲನ್ನೇ ಕಳಿಸಿರಲಿಲ್ಲ. ಬೆಳಗಾದರೆ ಸಾಹೇಬರು ನೋಡಲು ಬರುವವರು. ಪ್ರೋಗ್ರಾಂ ನಡೆದರೆ ನೌಕರಿ ಕಾಯಂ, ಇಲ್ಲದಿದ್ದರೆ ಇಳಕಲ್ ಬಸ್ಸು.

ಆಗ...

ಗರ್ರ್... ಟಕ್.

ಫ್ಲಾಪಿ ತಿರುಗುವ ಸಪ್ಪಳ. ಕಾಲೇಜಿನ ಕಡೆಯಿಂದ.

ಖಾಸಿಂಸಾಬ ಕಂದೀಲು ತಗ್ಗಿಸಿದ. "ಒಳಗ ಯಾರರ ಅದಾರೇನ್ರಿ?"

"ಯಾರಿಲ್ಲ. ಕೀಲಿ ನನ್ನ ಕಡೆ ಐತಿ."

"ಕರೆಂಟ್ ಬಂತೇನ?"

ತಿರುಗಿ ನೋಡಿದರು. ಕಾಲೇಜೂ ಕತ್ತಲೆ, ಊರೂ ಕತ್ತಲೆ. ಗರ್ರ್... ಟಕ್. ಆಮೇಲೆ ಕೀಲಿಮಣೆ. ಟಿಕ್... ಟಿಕ್ ಟಿಕ್... ಅವಸರವೇ ಇಲ್ಲದೆ, ಕೆಲಸ ಬಲ್ಲವರು ಒತ್ತಿದ ಹಾಗೆ.

"ಕಾಕಾ, ಬಟ್ಟಿ ಹಾಕಿ ಬರೂಣು ಬರ್ರಿ," ಅಂದಳು, ಪಿಸುದನಿಯಲ್ಲಿ.

"ನಿಮ್ಮ ನೌಕರಿ ಟೆಂಪರರಿ ಅಂತ ನನ್ನ ಜೀವಾನೂ ಟೆಂಪರರಿ ಮಾಡ್ತೀರೇನ್ ತಂಗೀ?" ಅಕ್ಕಾರ ಹೋಗಿ ತಂಗಿ ಆಗಿದ್ದಳು, ಅಷ್ಟು ಹೆದರಿದ್ದ.

ಕೀಲಿ ಅವಳ ಕೈಯಲ್ಲೇ ಇತ್ತು. ಒಬ್ಬಳೇ ಹೋಗಬಹುದಿತ್ತು. ಹೋಗಲಿಲ್ಲ. ಹೆದರಿಕೆಯೊಂದೇ ಅಲ್ಲ. ಆಮೇಲೆ ನನಗೆ ಮೆಲ್ಲಗೆ ಹೇಳಿದಳು, "ಯಾರರ ಆಗ್ಲಿ... ಮುಗಸ್ಲಿ ಬಿಡು ಅನಸ್ತು, ಅಕ್ಕಾ."

ಬೆಳಿಗ್ಗೆ ಕೀಲಿ ತೆಗೆದಳು. ಕರೆಂಟು ಬಂದಿತ್ತು. ಅದೇ ಕಮಾಂಡ್ ಮತ್ತೆ ಕೊಟ್ಟಳು. ಲಿಂಕರ್ ತುಟಿ ಬಿಚ್ಚಲಿಲ್ಲ. ಪ್ರೋಗ್ರಾಂ ತಯಾರು! ಫ್ಲಾಪಿಯಲ್ಲಿ ಅವಳು ಬರೆಯದ ಒಂದು ಫೈಲು ಹೆಚ್ಚಾಗಿತ್ತು. ಬೇಕಾಗಿದ್ದ ಫಂಕ್ಷನ್ ಅದರಲ್ಲಿತ್ತು, ಒಂದು ಚುಕ್ಕೆಯೂ ತಪ್ಪಿಲ್ಲದೆ. ಬರೆದ ವೇಳೆ ಅಂತ ಕಂಪ್ಯೂಟರ್ ತೋರಿಸಿದ್ದು ನಡುರಾತ್ರಿ. ಸಾಹೇಬರು ತಲೆದೂಗಿದರು. ನೌಕರಿ ಕಾಯಂ ಆಯಿತು.

ಆದರೆ ಅವಳಿಗೆ ಅನ್ನ ಸೇರದು, ನಿದ್ದೆ ಹತ್ತದು. ಒಂದು ಭಾನುವಾರ ನನ್ನನ್ನು ಕಾಲೇಜಿಗೆ ಕರೆಸಿಕೊಂಡಳು. "ಬ್ಯಾರೇದವರದು ಬ್ಯಾಡ. ನಾನ ಬರೀತೇನಿ," ಅಂದು ಆ ಫೈಲು ಅಳಿಸಿದಳು. ಹಿಂದೆ ಕೂಡಿಸಿದ್ದನ್ನೆಲ್ಲ ಅಳಿಸಿದಳು. ತನ್ನದು ಬರೆಯುವ ಮುಂಚೆ, ಮೊದಲಿನಿಂದ ಒಂದೊಂದೇ ಫೈಲು ಕಂಪೈಲ್ ಮಾಡಿ, ಕಡೆಗೆ ಲಿಂಕರಿಗೆ ಕೊಟ್ಟು, ಅದೇ ಹಳೆಯ ತಕರಾರಿಗೆ ಕಾದಳು.

ಬರಲಿಲ್ಲ.

ನಾನು ಪಕ್ಕದಲ್ಲೇ ನಿಂತಿದ್ದೆ, ಖರೆ ಹೇಳುತ್ತೇನೆ. ಆ ಫಂಕ್ಷನ್ ಯಾವ ಫೈಲಿನಲ್ಲೂ ಇಲ್ಲ, ಇಬ್ಬರೂ ಹುಡುಕಿದ್ದೇವೆ. ಈ ವರ್ಷದ ಮಾರ್ಕ್ಸ್ ಪಟ್ಟಿಯೂ ಅದೇ ಪ್ರೋಗ್ರಾಮಿನಿಂದಲೇ ಬಂತು. ಹೆಸರುಗಳೆಲ್ಲ ಸಾಲಾಗಿಯೇ ಇದ್ದವು.