ತಿಪ್ಪೆ ಪಕ್ಕದ ಮಣ್ಣು

ಕೃಷಿ ಕಚೇರಿಯ ಹೊರಕೋಣೆಯಲ್ಲಿ ಫ್ಯಾನ್ ರಿಪೇರಿಯವನು ಏಣಿ ಹತ್ತಿದ್ದ. ಕೆಲಸವೇನೋ ಮುಗಿದಿತ್ತು. ಆದರೆ ಐದೂರಿನ ಪರವಾಗಿ ಅನುದಾನ ಕೇಳಲು ಬಂದು ಕೆಳಗೆ ಬೆಂಚಿನ ಮೇಲೆ ಕೂತಿದ್ದ ಅತ್ತಿಗೆ ಮೈದುನರ ಗುಸುಗುಸು ಕಿವಿಗೆ ಬಿದ್ದು, ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ತಿರುಗಿಸುತ್ತಾ ನಿಂತ.

“ಅತ್ತಿಗೆ, ನಮ್ಮೂರ ಮಣ್ಣು ಭೇಷಾಗಿದೆ ಅಂತ ರಿಪೋರ್ಟ್ ಬಂದಿದೆಯಲ್ಲ. ಮತ್ಯಾಕೆ ನಿಮ್ಮ ಮುಖ ಹೀಗೆ?”

“ಭೇಷಾಗಿದ್ರೆ ಸುಧಾರಿಸೋಕೆ ಅನುದಾನ ಯಾಕೆ ಕೊಡ್ತಾರೋ? ಹೊಲದಲ್ಲಿ ನೋಡಿದ್ರೆ ಪೈರು ಮೊಣಕಾಲು ದಾಟಲ್ಲ. ಪರೀಕ್ಷೆಗೆ ಮಣ್ಣು ಎಲ್ಲಿಂದ ತೆಗೆದೆ, ನಿಜ ಹೇಳು.”

“ತಿಪ್ಪೆ ಪಕ್ಕದ್ದು.”

“ಅಯ್ಯೋ ನಿನ್ನ ತಲೆ!”

“ಹೊರಗಿನವರು ನೋಡೋ ಮಣ್ಣು, ಊರ ಮಾನ ಹೋಗಬಾರದು ಅಂತ... ಜರಡಿ ಬೇರೆ ಹಿಡಿದೆ.”

“ಮಣ್ಣೇನು ಮದುವೆಗೆ ಹೊರಟಿತ್ತಾ? ಐದೂರು ಸೇರಿ ಹಾಕಿರೋ ಒಂದೇ ಅರ್ಜಿ ಕಣೋ. ನಮ್ಮಿಂದ ಎಲ್ಲರದ್ದೂ ಮುಳುಗುತ್ತೆ.”

“ಉಳಿದ ನಾಲ್ಕೂರಿನ ಮಣ್ಣು ಹೇಗಿದೆಯಂತೆ?”

ಅತ್ತಿಗೆ ಚೀಲದಿಂದ ರಿಪೋರ್ಟ್ ತೆಗೆದು ಇನ್ನೊಮ್ಮೆ ನೋಡಿದಳು. “ಅದೂ ಭೇಷಾಗಿದೆಯಂತೆ.”

“ಅಂದ್ರೆ ಅವರೂ...?”

“ಇನ್ನೇನು ಮತ್ತೆ! ಆ ಊರುಗಳಲ್ಲಿ ತಿಪ್ಪೆ ಇಲ್ವಾ?”

ಜವಾನ ಬಾಗಿಲು ತೆರೆದು ಕೂಗಿದ. “ಐದೂರಿನ ಒಕ್ಕೂಟದವರು ಒಳಗೆ ಬನ್ನಿ.”

ಮೈದುನ ದಡಬಡಿಸಿ ಎದ್ದ. “ಅತ್ತಿಗೆ, ಈಗ ಏನಂತ ಹೇಳ್ತೀರಿ?”

ಆಕೆ ಚೀಲ ಎತ್ತಿಕೊಂಡಳು. “ಇದ್ದದ್ದು ಇದ್ದ ಹಾಗೆ. ನೀರಿಗೆ ಹೊಡೆದಾಡೋ ಊರುಗಳು ಒಗ್ಗಟ್ಟಾಗಿ ಕೆಲಸ ಮಾಡ್ತವಾ ಅಂತ ಹೋದ ಸಲ ಸಾಹೇಬ್ರು ಕೇಳಿದ್ರಲ್ಲ? ಮಾಡ್ತವೆ, ಇಗೋ ಸಾಕ್ಷಿ ಅಂತೀನಿ.”

ಬಾಗಿಲು ಮುಚ್ಚಿತು. ಒಳಗಿಂದ ಬೈಗುಳ ಬರುತ್ತೋ ನಗು ಬರುತ್ತೋ ಎಂದು ಫ್ಯಾನಿನವನು ಸ್ವಿಚ್ ಹಾಕಲು ಇಳಿಯದೆ, ಏಣಿಯ ಮೇಲೇ ಕಿವಿಗೊಟ್ಟು ನಿಂತ.